ಮರಳಲ್ಲಿ ಹೂತದ್ದು

ಯಶೋಧರಾ ಒಲೆಯ ಮೇಲೆ ಕುದಿಯುತ್ತಿದ್ದ ಅನ್ನದ ಪಾತ್ರೆಯನ್ನು ಮಸಿಬಟ್ಟೆಯಲ್ಲಿ ಹಿಡಿದು ಇಳಿಸಿ, ಸೀದಾ ಹಿತ್ತಲಿಗೆ ಒಯ್ದು ಮೋರಿಗೆ ಸುರಿದಳು.

"ಅನ್ನವ ಮೋರಿಗೆ ಸುರೀತಾವ್ಳಲ್ಲಪ್ಪ ಇವ್ಳು!" ಅತ್ತೆ ಮಹದೇವಮ್ಮ ಜಗಲಿಯಿಂದಲೇ ಕೂಗಿದಳು. "ಏನವ್ವ, ನಿಮ್ಮಪ್ಪನ ಮನೆಯಿಂದ ಅಕ್ಕಿ ಮೂಟೆ ತರ್ಸಿದ್ದೀಯಾ?"

"ಒಂದ್ಸಲ ಮೂಸಿ ನೋಡಿ ಅತ್ತೆ. ನೀರೇ ನಾತ ಹೊಡೀತಾ ಅದೆ. ಇದನ್ನ ಮಗಿಗೆ ಉಣ್ಣಿಸಲಾ?"

"ನಂಗೇನೂ ನಾತ ಬರ್ತಿಲ್ಲ."

"ನಿಮಗೆಲ್ಲಿ ಬತ್ತದೆ? ಬೆಳಗಿಂದ ಬೋಟಿ ತೊಳ್ದು ಬಂದಿರೋ ಮೂಗು ಅದು."

ಆಡಿದ ಕೂಡಲೇ ಮಾತು ಹೆಚ್ಚಾಯಿತೆಂದು ಯಶೋಧರಾಗೆ ಗೊತ್ತಾಯಿತು. ಆದರೂ ವಾಪಸು ತೆಗೆದುಕೊಳ್ಳಲಿಲ್ಲ. ಮಹದೇವಮ್ಮ ಎಲೆ ಅಡಿಕೆಯ ಚೀಲ ಬಿಗಿದು ಎದ್ದು, "ಈ ಬೋಟಿ ತೊಳ್ದ ಕೈಲೇ ನಿನ್ನ ಗಂಡನ್ನ ಓದ್ಸಿದ್ದು ಕಣವ್ವ, ನೆಪ್ಪಿರ್ಲಿ" ಎಂದು ಪಕ್ಕದ ಮನೆಗೆ ಹೋಗಿ ಕೂತಳು.

ಮಹದೇವಮ್ಮ ನರಸೀಪುರ ರಸ್ತೆಯಲ್ಲಿರುವ ದೇವರಾಜುವಿನ ಕುರಿ ಕಡಿಯುವ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಗಂಡ ಚಲುವಯ್ಯ ಅಲ್ಲೇ ತಲೆ-ಕಾಲು ಸುಡುತ್ತಿದ್ದ. ಕಿರಿಯ ಮಗ ರಾಹುಲ್ ಗೂಡ್ಸ್ ಆಟೋದಲ್ಲಿ ಆ ಶೆಡ್ಡಿನ ಕಸ ಸಾಗಿಸುತ್ತಿದ್ದ. ಯಾರಿಗೂ ಬೇಡದ ಕರುಳು, ಹೊಟ್ಟೆಯೊಳಗಿನ ಲದ್ದಿ, ಹೆಪ್ಪುಗಟ್ಟಿದ ರಕ್ತ. ಹಿರಿಯ ಮಗ ಸಿದ್ದು ಮಾತ್ರ ಶೆಡ್ಡಿನ ಕಡೆ ಹೋದವನಲ್ಲ. ಅವನು ಹೊಳೆಕೊಪ್ಪಲಿನ ನೀರುಗಂಟಿ. ಕಪಿಲಾ ಹೊಳೆಯ ದಡದಲ್ಲಿರುವ ಬಾವಿಯಿಂದ ಮೋಟರ್ ಹಾಕಿ ಟ್ಯಾಂಕು ತುಂಬಿಸಿ, ಬೀದಿ ಬೀದಿಯ ವಾಲ್ವ್ ತಿರುಗಿಸಿ ನೀರು ಬಿಡುವುದು ಅವನ ಕೆಲಸ. ಕೆಳಗಿನ ಬೀದಿಯವನೊಬ್ಬ ಇಡೀ ಊರಿಗೆ ನೀರು ಬಿಡುವುದು ಅಲ್ಲಿ ಅದೇ ಮೊದಲು. ಈ ವರ್ಷ ಅವನ ಕೆಲಸ ಖಾಯಂ ಆಗುತ್ತದೆಂದು ಪಂಚಾಯಿತಿಯಲ್ಲಿ ಮಾತಿತ್ತು. ಮನೆಯವರೆಲ್ಲ ಅದನ್ನೇ ಕಾಯುತ್ತಿದ್ದರು.

ಯಶೋಧರಾ ಹೆಮ್ಮರಗಾಲದವಳು. ಅಂಗನವಾಡಿಯಲ್ಲಿ ಸಹಾಯಕಿ. ಅಲ್ಲಿ ಮಕ್ಕಳಿಗೆ ಅಡುಗೆ ಮಾಡುವ ನೀರೂ ಅದೇ ನೀರು.

ಮಧ್ಯಾಹ್ನ ಸಿದ್ದು ಊಟಕ್ಕೆ ಬಂದಾಗ ಮಗಳು ಧನುಶ್ರೀ ಅಂಗಡಿಯ ಬನ್ನು ತಿನ್ನುತ್ತ ಕೂತಿದ್ದಳು. ಒಲೆ ಆರಿತ್ತು.

"ಊಟ?"

"ನಿಮ್ಮ ನೀರಲ್ಲಿ ಬೇಯಿಸಿದ್ದು ಮೋರೀಲಿ ಅದೆ. ಬಡಿಸ್ಲಾ?"

ಸಿದ್ದು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. ಬೆಳಗಿನಿಂದ ಪ್ರತಿ ಬೀದಿಯಲ್ಲೂ ಇದೇ ಮಾತು ಕೇಳಿ ಬಂದಿದ್ದ. "ಬ್ಲೀಚಿಂಗ್ ಪೌಡರ್ ಜಾಸ್ತಿ ಹಾಕಿದೀನಿ" ಎಂದ.

"ನಾತಕ್ಕೆ ಇನ್ನೊಂದು ನಾತ ಸೇರ್ತು ಅಷ್ಟೇ. ಆ ನಾತ ಯಾವುದು ಅಂತ ನಿಮಗೆ ಗೊತ್ತಿಲ್ವಾ? ದಿನಾ ಸಂಜೆ ನಮ್ಮ ಮನೆ ಮುಂದೆ ನಿಲ್ಲೋ ಗಾಡಿ ನಾತ ಅದು."

ಅಷ್ಟರಲ್ಲಿ ಆ ಗಾಡಿಯೇ ಬಂದು ಬಾಗಿಲಿಗೆ ನಿಂತಿತು. ರಾಹುಲ್ ಇಳಿದು ಕೈಕಾಲು ತೊಳೆಯುತ್ತಿದ್ದಂತೆಯೇ ಸಿದ್ದು ಹೊರಗೆ ಬಂದ.

"ಕಸ ಎಲ್ಲಿ ಸುರೀತಿದ್ದೀಯಲಾ?"

"ಸುರಿಯೋ ಕಡೆ."

"ಅದೇ, ಎಲ್ಲಿ?"

"ಸೇತುವೆ ಮ್ಯಾಲಿಂದ. ಎಲ್ರೂ ಅಲ್ಲೇ ಸುರಿಯೋದು. ಕೋಳಿ ಅಂಗಡಿಯೋರು ಸುರೀತಾರೆ, ಛತ್ರದೋರು ಎಂಜಲೆಲೆ ಸುರೀತಾರೆ. ನಿಂಗೆ ನಿನ್ನ ತಮ್ಮ ಒಬ್ನೇ ಕಾಣ್ತಾನೆ."

"ಈ ಬೇಸಿಗೇಲಿ ಹೊಳೇಲಿ ಹರಿಯೋ ನೀರೆಲ್ಲಿ ಅದೆ? ನೀನು ಸುರಿದಿದ್ದು ಮಡುವಿನಲ್ಲಿ ನಿಂತು ಕೊಳೀತದೆ. ಆಮೇಲೆ ಸೀದಾ ನನ್ನ ಬಾವಿಗೆ ಬತ್ತದೆ."

"ನಿನ್ನ ಬಾವಿ!" ರಾಹುಲ್ ನಕ್ಕ. "ಯಾವತ್ತು ರಿಜಿಸ್ಟ್ರಿ ಮಾಡ್ಸಿಕೊಂಡೆ? ದೇವರಾಜಣ್ಣ ಗುಂಡಿ ತೋಡಿಸ್ತೀನಿ ಅಂತ ಹೋದ್ವರ್ಷದಿಂದ ಹೇಳ್ತಾವ್ನೆ. ಅವನನ್ನ ಕೇಳೋಕೆ ಧೈರ್ಯ ಇಲ್ಲ, ನನ್ನ ಕೇಳೋಕೆ ಬತ್ತೀಯಾ."

ಸಿದ್ದು ತಮ್ಮನ ಅಂಗಿಯ ಕಾಲರಿಗೆ ಕೈ ಹಾಕಿದ. ನೀರಿನ ಚೊಂಬು ಉರುಳಿತು. ಧನುಶ್ರೀ ಬನ್ನು ಹಿಡಿದುಕೊಂಡೇ ಅಳತೊಡಗಿದಳು. ಪಕ್ಕದ ಮನೆಯಿಂದ ಓಡಿ ಬಂದ ಮಹದೇವಮ್ಮ ಇಬ್ಬರ ನಡುವೆ ನುಗ್ಗಿ, ತಳ್ಳಿದ್ದು ಮಾತ್ರ ಹಿರಿಯವನನ್ನು.

ಚಲುವಯ್ಯ ಶೆಡ್ಡಿನಿಂದ ಬಂದು ಎಲ್ಲವನ್ನೂ ಕೇಳಿಸಿಕೊಂಡ. ಅವನು ಗಟ್ಟಿಯಾಗಿ ಮಾತಾಡುವವನಲ್ಲ. ಆದರೆ ಹೇಳಿದ್ದು ನಡೆಯಬೇಕು ಎನ್ನುವವನು.

"ನೀರ್ಗೆ ಆಕ್ಬೇಡ. ಊತಾಕು" ಎಂದ.

"ಎಲ್ಲಿ ಹೂಳ್ಲಿ? ನಮ್ಗೇನು ತೋಟ ಅದಾ?" ರಾಹುಲ್ ಕೇಳಿದ.

"ಜಾಗವ ನಾ ತೋರುಸ್ತೀನಿ."

ಎಲ್ಲಿ ಎಂದು ಸಿದ್ದು ಕೇಳಲಿಲ್ಲ. ನೀರಿಗೆ ಬೀಳುವುದಿಲ್ಲವಲ್ಲ, ಅಷ್ಟೇ ಸಾಕಾಗಿತ್ತು ಅವನಿಗೆ. ಯಶೋಧರಾ ಕೇಳಬೇಕೆಂದುಕೊಂಡಳು. ಆದರೆ ಬೆಳಗಿನ ಜಗಳದ ಮೇಲೆ ಮಾವನ ಮುಂದೆ ಇನ್ನೊಂದು ಮಾತು ತೆಗೆಯಲು ಹಿಂಜರಿದಳು.

ಚಲುವಯ್ಯ ತೋರಿಸಿದ್ದು ಹೊಳೆಯ ಮರಳನ್ನು. ಬಾವಿಯಿಂದ ಮೇಲಕ್ಕೆ, ಜೊಂಡು ಬೆಳೆದ ತಿರುವಿನಾಚೆ, ಬೇಸಿಗೆಯಲ್ಲಿ ನೀರು ಸರಿದು ಒಣಗಿದ ಮರಳು ದಿಣ್ಣೆ. ಗಾಡಿ ಇಳಿಯಲು ಹಳೆಯ ಜಾಡಿತ್ತು, ಅಗೆಯಲು ಮೆತ್ತಗಿತ್ತು.

"ಇಲ್ಲೇನಾ? ಹೊಳೇಲೇ?" ರಾಹುಲ್ ಗುದ್ದಲಿ ಊರಿ ನಿಂತ.

"ನೀರೆಲ್ಲಿ ಅದ್ಲಾ ಇಲ್ಲಿ? ಮಳ್ಳು ಇದು. ನಮ್ಮಪ್ಪನ ಕಾಲ್ದಲ್ಲಿ ಊರ ಬಾವಿ ತಾವ ನಮ್ಮೋರ್ನ ಸೇರುಸ್ತಿರ್ನಿಲ್ಲ. ಇಲ್ಲೇ ಮಳ್ಳು ತೋಡಿ ಒರತೆ ನೀರ ಕುಡ್ಕಂಡು ಬದುಕ್ದೋ. ಮ್ಯಾಗಡೆ ದನ ತೊಳೆಯೋರು, ಎಣದ ಬಟ್ಟೆ ಒಗೆಯೋರು. ನಮ್ ಒರತೆ ನೀರು ಮಾತ್ರ ಕನ್ನಡಿ ಇದ್ದಂಗೆ ಇರ್ತಿತ್ತು. ಒಂದು ಮಗಿಗೆ ಒಂದು ದಿನ ಒಟ್ಟೆನೋವು ಬರ್ನಿಲ್ಲ. ಮಳ್ಳು ಎಲ್ಲಾನೂ ಸೋಸ್ಬುಡ್ತದೆ ಕಣ್ಲಾ. ಆಳುದ್ದ ತೋಡು, ಸಾಕು."

ರಾಹುಲ್ ತೋಡಿದ. ಗೊಬ್ಬರದ ಚೀಲಗಳಲ್ಲಿ ತುಂಬಿದ ಕರುಳನ್ನು ಗುಂಡಿಗೆ ಇಳಿಸಿದರು. ರಕ್ತದ ಡ್ರಮ್ಮನ್ನು ಬಗ್ಗಿಸಿದಾಗ ಮರಳು ಅದನ್ನು ಒಂದು ಕ್ಷಣದಲ್ಲಿ ಹೀರಿಕೊಂಡಿತು. "ನೋಡ್ದಾ?" ಎಂದ ಚಲುವಯ್ಯ, ಮಗನಿಗೆ ಒಂದು ಕಸಬು ಕಲಿಸಿಕೊಟ್ಟವನ ಹಾಗೆ.

ಮುಂದಿನ ವಾರಗಳಲ್ಲಿ ನಲ್ಲಿಯ ನಾತ ಕಡಿಮೆಯಾಯಿತು. ಸೇತುವೆಯ ಕೆಳಗಿನ ಮಡುವಿಗೆ ಮೇಲಿನ ಅಣೆಕಟ್ಟಿನಿಂದ ಸ್ವಲ್ಪ ನೀರೂ ಬಿಟ್ಟಿದ್ದರು. ಸಿದ್ದು ಪಂಚಾಯಿತಿ ಮೆಂಬರ್ ಮಹಾದೇವಸ್ವಾಮಿಯ ಮನೆಯ ಮುಂದೆ ನಿಂತು, "ನಮ್ಮ ಮನೆ ಕಡೆಯಿಂದ ಹೊಳೆಗೆ ಏನೂ ಬೀಳ್ತಿಲ್ಲ ಅಣ್ಣ. ನನ್ನ ಮಗಳಾಣೆ" ಎಂದ. ಮಹಾದೇವಸ್ವಾಮಿ ತಲೆಯಾಡಿಸಿ, "ಅಂಗಿರ್ಬೇಕು" ಎಂದ. ಆ ಸಂಜೆ ಮನೆಯಲ್ಲಿ ಮುದ್ದೆ, ಉಪ್ಸಾರು ಆಯಿತು. ಅಣ್ಣ ತಮ್ಮ ಮಾತಾಡಲಿಲ್ಲ, ಆದರೆ ಒಟ್ಟಿಗೆ ಕೂತು ಉಂಡರು.

ಯುಗಾದಿ ಬಂತು. ಹಬ್ಬದ ದಿನ ಒಬ್ಬಟ್ಟು. ಮಾರನೆಯ ದಿನ ಹೊಸತೊಡಕು. ಆ ದಿನ ಊರೂರಲ್ಲಿ ಹತ್ತು ಮನೆ ಸೇರಿ ಕುರಿ ಕಡಿಸಿ ಗುಡ್ಡೆ ಗುಡ್ಡೆ ಪಾಲು ಹಾಕಿಕೊಳ್ಳುತ್ತಾರೆ. ದೇವರಾಜುವಿನ ಶೆಡ್ಡಿನ ಮುಂದೆ ಬೆಳಕು ಹರಿಯುವ ಮೊದಲೇ ಜನ ಬಕೀಟು ಹಿಡಿದು ನಿಂತಿದ್ದರು. ಹೊಳೆಕೊಪ್ಪಲಿನ ಮೇಲಿನ ಬೀದಿಯವರೂ ಇದ್ದರು. ಮಹದೇವಮ್ಮನಿಗೆ ತೊಳೆದು ತೊಳೆದು ಬೆರಳ ಸಂದು ಬಿರಿಯಿತು. ರಾಹುಲ್ ಎಷ್ಟು ಸಲ ಹೊಳೆಗೂ ಶೆಡ್ಡಿಗೂ ಓಡಾಡಿದನೋ ಅವನಿಗೇ ಲೆಕ್ಕವಿರಲಿಲ್ಲ. ಆಳುದ್ದ ತೋಡಲು ಹೊತ್ತಿಲ್ಲದೆ ಗುಂಡಿಗಳು ಮೊಣಕಾಲುದ್ದಕ್ಕೆ ಬಂದವು. ಮೇಲೆ ಮರಳು ಎಳೆದು, ತುಳಿದು ಬಂದ.

ಆ ವಾರ ಕಳೆಯುವುದರೊಳಗೆ ಅಂಗನವಾಡಿಗೆ ಮಕ್ಕಳು ಬರುವುದು ಕಡಿಮೆಯಾಯಿತು. ವಾಂತಿ, ಭೇದಿ. ಮೊದಲು ಮೇಲಿನ ಬೀದಿಯಲ್ಲಿ, ಆಮೇಲೆ ಎಲ್ಲ ಕಡೆ. ಧನುಶ್ರೀ ಶಾಲೆಯಿಂದ ಬರುತ್ತ ದಾರಿಯಲ್ಲೇ ಕುಸಿದು ಕೂತಳು. ಯಶೋಧರಾ ಅವಳನ್ನು ನರಸೀಪುರದ ಆಸ್ಪತ್ರೆಗೆ ಸೇರಿಸಿದಳು. ಪಕ್ಕದ ಹಾಸಿಗೆಯಲ್ಲಿ ಮೇಲಿನ ಬೀದಿಯ ಮಂಗಳಗೌರಿಯ ಮೊಮ್ಮಗ ಮಲಗಿದ್ದ. ಇಬ್ಬರು ಮಕ್ಕಳಿಗೂ ಒಂದೇ ಸ್ಟ್ಯಾಂಡಿನಿಂದ ಗ್ಲೂಕೋಸ್ ಇಳಿಯುತ್ತಿತ್ತು.

ಮಂಗಳಗೌರಿ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು, ಯಾರಿಗೋ ಹೇಳುವಂತೆ ಹೇಳಿದಳು: "ಯಾರ್ಯಾರ ಕೈಲೋ ನೀರು ಬಿಡ್ಸಿದ್ರೆ ಇನ್ನೇನಾಯ್ತದೆ? ಹಿಂದಿನೋರು ಸುಮ್ ಸುಮ್ನೆ ದೂರ ಇಟ್ಟಿದ್ರಾ?"

ಯಶೋಧರಾ ಮಗಳ ಕಾಲ ಬಳಿಯಿಂದ ಎದ್ದಳು. "ಇನ್ನೊಂದ್ಸಲ ಹೇಳಿ. ಅಗೋ ನರ್ಸಮ್ಮ ಕೇಳಿಸ್ಕೋತಾರೆ, ಜೋರಾಗಿ ಹೇಳಿ. ಇಲ್ಲಿಂದ ಸ್ಟೇಷನ್ ಎಷ್ಟು ದೂರ ಅಂತ ನಂಗೆ ಗೊತ್ತು."

"ನಾನೇನು ನಿನ್ನ ಹೆಸ್ರು ತಗಂಡ್ನಾ?"

"ಹೆಸ್ರು ತಗೊಳ್ಳೋ ಧೈರ್ಯ ಬಂದ್ಮೇಲೆ ಮಾತಾಡಿ."

ನರ್ಸು ಬಂದು ಇಬ್ಬರನ್ನೂ ಗದರಿದಳು. ಸಂಜೆಯವರೆಗೆ ಇಬ್ಬರೂ ಬೆನ್ನು ತಿರುಗಿಸಿಕೊಂಡು ಕೂತರು.

ಊರಲ್ಲಿ ಸಿದ್ದು ಮೋಟರ್ ನಿಲ್ಲಿಸಿದ್ದ. ಬಾವಿಯ ಮುಚ್ಚಳ ತೆಗೆದಾಗ ಬಂದ ನಾತ ಅವನಿಗೆ ಪರಿಚಯದ್ದು. ಅದು ಸೇತುವೆಯ ಕಡೆಯದಾಗಿರಲು ಸಾಧ್ಯವಿಲ್ಲ, ಹತ್ತಿರದ್ದು ಎನಿಸಿ ದಡ ಹಿಡಿದು ಮೇಲಕ್ಕೆ ನಡೆದ. ಜೊಂಡಿನ ತಿರುವು ದಾಟುತ್ತಲೇ ನಾಯಿಗಳು ಕಂಡವು. ಮರಳು ಕೆದಕಿ ಚೀಲವೊಂದನ್ನು ಎಳೆದಾಡುತ್ತಿದ್ದವು. ಕಾಗೆಗಳು ಎದ್ದು ಮತ್ತೆ ಅಲ್ಲೇ ಇಳಿದವು. ದಿಣ್ಣೆಯ ಬುಡದಲ್ಲಿ, ಮರಳು ಹೊಳೆಗೆ ಇಳಿಯುವ ಕಡೆ, ಎಣ್ಣೆಯಂತೆ ಜಿಡ್ಡಾದ ಕಪ್ಪು ನೀರು ಒಸರುತ್ತಿತ್ತು. ಅದರಲ್ಲಿ ಬೆರಳುದ್ದದ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಅವನು ಮನೆಗೆ ಬಂದಾಗ ಅಪ್ಪ ಜಗಲಿಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ರಾಹುಲ್ ಗಾಡಿಯ ಚಕ್ರ ಬಿಚ್ಚುತ್ತಿದ್ದ.

"ಬಾವಿ ಪಕ್ಕದಲ್ಲೇ ಹೂತಿದ್ದೀರಲ್ಲ," ಸಿದ್ದು ಅಂಗಳದಲ್ಲೇ ನಿಂತು ಕೇಳಿದ. "ಬಾವಿಗೆ ನೀರು ಎಲ್ಲಿಂದ ಬತ್ತದೆ ಅಂದ್ಕೊಂಡ್ರಿ? ಆಕಾಶದಿಂದ್ಲಾ? ಆ ಮರಳಿನ ಒಳಗಿಂದ್ಲೇ ಬರೋದು!"

"ಮಳ್ಳು ಸೋಸ್ತದೆ," ಚಲುವಯ್ಯ ಹೇಳಿದ.

"ಒರತೆ ನೀರನ್ನ ಚೊಂಬಲ್ಲಿ ತುಂಬ್ಕೊಂಡ್ರಿ ಅಪ್ಪ ನೀವು. ಇದು ಹತ್ತು ಎಚ್.ಪಿ. ಮೋಟರು. ಸುತ್ತ ಇರೋದನ್ನೆಲ್ಲ ಎಳ್ಕೊತದೆ. ಅದೂ ಅಲ್ದೆ ಲೋಡುಗಟ್ಟಲೆ ಕರುಳು!"

"ನೀರಿಗೆ ಹಾಕ್ಬೇಡ ಅಂದೆ, ಹಾಕ್ಲಿಲ್ಲ. ಹೂಳು ಅಂದ್ರು, ಹೂತೆ," ರಾಹುಲ್ ಸ್ಪ್ಯಾನರ್ ಎಸೆದ. "ಈಗ ಅದೂ ತಪ್ಪಾ? ತಿಂದೋರು ಯಾರು? ಗುಡ್ಡೆ ಬಾಡು ಬೇಕು ಅಂತ ಬಕೀಟು ಹಿಡ್ದು ನಿಂತೋರು ಯಾರು? ಮಾಂಸ ಊರಿಗೆ, ಕರುಳು ಮಾತ್ರ ನಮ್ಮ ತಲೆ ಮ್ಯಾಲೆ. ಹೋಗಿ ಅವ್ರನ್ನ ಕೇಳು!"

"ಕೇಳೋದಿಲ್ಲ, ಹೇಳ್ತೀನಿ. ನಾಳೆ ಸಭೆ ಅದೆ."

ಬೀಡಿ ಚಲುವಯ್ಯನ ಕೈಯಲ್ಲೇ ಆರಿತು. "ಏನಂತ ಏಳ್ತೀಯೆ?"

"ಇದ್ದಿದ್ದು."

"ನೀರ ಅವ್ರೇ ಮುಟ್ಟಿ ಕೆಡ್ಸುದ್ರು ಅಂತ ಅಂತಾವ್ರೆ ಆಗ್ಲೇ ಮ್ಯಾಲಿನ ಬೀದಿಯೋರು. ನೀನೇ ಓಗಿ ಊಂ ಅಂತೀಯಾ? ಇಪ್ಪತ್ತು ವರ್ಸ ಆದ್ಮೇಲೂ ಅವ್ರು ಏಳ್ತಾರೆ, ನಮ್ಮ ಧನೂನ ಮಕ್ಕಳ್ಗೂ ಏಳ್ತಾರೆ. ಬಾಯ್ಮುಚ್ಕಂಡಿರು. ಮಳೆ ಬಂದ್ರೆ ಒಳೆ ಎಲ್ಲಾನೂ ತೊಳ್ಕಂಡೋಯ್ತದೆ."

ಆಸ್ಪತ್ರೆಯಿಂದ ಬಟ್ಟೆ ಒಯ್ಯಲು ಬಂದಿದ್ದ ಯಶೋಧರಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ಮಳೆಗೆ ಇನ್ನೂ ಎರಡು ತಿಂಗ್ಳು ಅದೆ ಮಾವ" ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ನೀವು ಹೇಳ್ದಿದ್ರೆ ನಾನು ಹೇಳ್ತೀನಿ. ಆ ಮಕ್ಕಳಿಗೆ ಆ ನೀರಲ್ಲಿ ಅನ್ನ ಮಾಡಿಕ್ಕಿದ್ದು ನಾನು."

"ಏಳವ್ವ, ಏಳು!" ಮಹದೇವಮ್ಮ ಅಡುಗೆಮನೆಯಿಂದ ಕೂಗಿದಳು. "ನಿನ್ನ ಗಂಡನ ಕೆಲ್ಸ ಓಗ್ಲಿ, ಮೈದುನ ಜೈಲಿಗೋಗ್ಲಿ, ಅತ್ತೆ ಮಾವ ಬೀದೀಗೆ ಬೀಳ್ಲಿ. ಎಮ್ಮರಗಾಲ್ದೋರ್ಗೆ ಒಟ್ಟೆ ತಣ್ಣಗಾಗ್ಲಿ!"

ಆ ದಿನ ಮಾಡಿದ ಸಾರನ್ನು ಯಾರೂ ಬಡಿಸಿಕೊಳ್ಳಲಿಲ್ಲ.

ಸಭೆ ಪಂಚಾಯಿತಿ ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಸೇರಿತು. ಮೇಲಿನ ಬೀದಿಯವರು ಕುರ್ಚಿಗಳಲ್ಲಿ, ಕೆಳಗಿನ ಬೀದಿಯವರು ಕಟ್ಟೆಯ ಮೇಲೆ, ಗೋಡೆಯ ಅಂಚಿನಲ್ಲಿ. ತಾಲ್ಲೂಕಿನಿಂದ ಬಂದಿದ್ದ ಎಂಜಿನಿಯರ್ ಟ್ಯಾಂಕಿನ ಹತ್ತಿರ ಹೋಗಿ ನೋಡಿ ಬಂದಿದ್ದ. ಬಾವಿಯವರೆಗೆ ಹೋಗಿರಲಿಲ್ಲ.

"ಪೈಪ್‌ಲೈನ್ ಹಳೇದು. ಚರಂಡಿ ಹತ್ರ ಒಂದು ಜಾಯಿಂಟ್ ಲೀಕ್ ಇದೆ. ಕೊಳಚೆ ಅಲ್ಲಿಂದ ಸೇರಿದೆ. ಅದನ್ನ ಬದಲಾಯಿಸಿ ನಾಳೆಯಿಂದ ಮೋಟರ್ ಹಾಕ್ಬೋದು" ಎಂದ.

ಮಹಾದೇವಸ್ವಾಮಿಗೆ ನಿರಾಳವಾಯಿತು. "ನೋಡ್ರಪ್ಪ, ಸಿದ್ದಂದು ಏನೂ ತಪ್ಪಿಲ್ಲ. ಪೈಪಿನದು. ಅವ್ನ ಕೆಲಸಕ್ಕೆ ಯಾವ ತೊಂದ್ರೆನೂ ಇಲ್ಲ."

"ಪೈಪಂತೆ!" ಹೆಂಗಸರ ನಡುವಿನಿಂದ ಮಂಗಳಗೌರಿ ಎದ್ದಳು. "ಇಷ್ಟು ವರ್ಷ ಒಡೀದಿದ್ದ ಪೈಪು ಈಗ ಒಡ್ದೋಯ್ತಾ? ನೀರು ಯಾರು ಮುಟ್ಟಬೇಕೋ ಅವ್ರು ಮುಟ್ಟಿದ್ರೆ..."

"ಗೌರಕ್ಕ, ಸುಮ್ಕಿರು. ಕೇಸಾಯ್ತದೆ," ಯಾರೋ ಎಳೆದು ಕೂರಿಸಿದರು.

ಚಲುವಯ್ಯ ಕಟ್ಟೆಯ ಮೇಲೆ ಮಗನ ಪಕ್ಕದಲ್ಲಿ ಕೂತಿದ್ದ. ಅವನು ಮಗನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಸಿದ್ದು ಅದನ್ನು ಬಿಡಿಸಿಕೊಂಡು ಎದ್ದ. ಹೇಳಬೇಕಾದ್ದನ್ನು ಬೆಳಗಿನಿಂದ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ. ಎದ್ದ ಮೇಲೆ ಒಂದೂ ನೆನಪಾಗಲಿಲ್ಲ.

"ಮೋಟರ್ ಹಾಕ್ಬೇಡಿ" ಎಂದ.

"ಯಾಕೋ?"

"ಬಾವಿ ಕೆಟ್ಟಿದೆ. ಪೈಪಲ್ಲ. ಶೆಡ್ಡಿನ ಕಸ ನಮ್ಮ ಮನೆಯೋರು ಮರಳಲ್ಲಿ ಹೂತಿದ್ರು. ಬಾವಿ ಮೇಲ್ಗಡೆ. ಅದು ಇಳ್ದಿದೆ."

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಮಂಗಳಗೌರಿಯ ದನಿ ಎಲ್ಲಕ್ಕಿಂತ ಮೇಲೆ ಕೇಳಿಸಿತು: "ನಾನು ಹೇಳ್ನಿಲ್ವಾ? ಅವ್ರ ಕೈ ಬಿದ್ರೆ ಇದೇ ಆಗೋದು ಅಂತ ನಾನು ಹೇಳ್ನಿಲ್ವಾ?"

"ಕೈ ಅಲ್ಲಮ್ಮ, ಕರುಳು," ಸಿದ್ದು ಕೂಗಿದ. "ನಿಮ್ಮ ಮನೆಗೆ ಹೊಸತೊಡಕಿಗೆ ಬಂದ ಕುರಿ ಕರುಳೂ ಅದ್ರಲ್ಲೇ ಅದೆ!"

ಹಿಂದೆ ಯಾರೋ ನಕ್ಕರು. ಮಂಗಳಗೌರಿಯ ಮಗ ಕುರ್ಚಿ ಒದ್ದು ಮುಂದೆ ಬಂದ. ಮಹಾದೇವಸ್ವಾಮಿ ಅಡ್ಡ ನಿಂತು, ಅವನ ಕಡೆಗಲ್ಲ, ಸಿದ್ದುವಿನ ಕಡೆ ಕೈ ಚಾಚಿದ.

"ಪಂಪ್‌ಹೌಸ್ ಬೀಗದಕೈ ಕೊಡು. ಮಗಳಾಣೆ ಬೇರೆ ಇಟ್ಟಿದ್ಯಲ್ಲೋ ನನ್ನ ಮುಂದೆ."

ಸಿದ್ದು ಕೊಟ್ಟ. ಗೊತ್ತಿರಲಿಲ್ಲ ಎಂದು ಹೇಳಬಹುದಿತ್ತು. ಹೇಳಿದರೂ ಅದು ನೆಪದ ಹಾಗೆ ಕೇಳುತ್ತದೆ ಎನಿಸಿ ಸುಮ್ಮನಿದ್ದ.

ಮನೆಯ ದಾರಿಯಲ್ಲಿ ಚಲುವಯ್ಯ ಮುಂದೆ ನಡೆಯುತ್ತಿದ್ದವನು ಬೀದಿಯ ನಡುವೆಯೇ ನಿಂತು ತಿರುಗಿದ. "ಇವತ್ತಿಂದ ನೀನು ಉಣ್ಣೋ ತಾವ ನಾನು ಉಣ್ಣಕಿಲ್ಲ. ನಮ್ಮಪ್ಪ ಮಳ್ಳು ತೋಡಿ ನೀರು ಕುಡ್ದ. ನನ್ನ ಮಗ ಇಡೀ ಊರ್ಗೆ ನೀರು ಬುಡ್ತಾವ್ನೆ ಅಂತ ನಾನು ಎದೆ ಎತ್ಕಂಡು ತಿರುಗ್ತಿದ್ದೆ. ಅದ ಕಳ್ದೆ ನೀನು."

"ಕಳೆದಿದ್ದು ನಾನಾ?"

"ನೀನೇ. ಊತಿದ್ದು ನಾನು, ಒಪ್ಕಂತೀನಿ. ಬಾಯ್ಬುಟ್ಟಿದ್ದು ನೀನು."

ಮಾರನೆಯ ದಿನ ಪಂಚಾಯಿತಿಯವರು ಜೆಸಿಬಿ ತಂದರು. ಕೆಳಗಿನ ಬೀದಿಯವರು ಯಾರೂ ಜೊತೆಗೆ ಬರಲಿಲ್ಲ. "ನಿಮ್ಮ ಮನೇದು, ನೀವೇ ತೆಗೀರಿ. ನಿಮ್ಮಿಂದ ಇಡೀ ಬೀದಿಗೆ ಮಸಿ" ಎಂದರು. ರಾಹುಲ್ ಮುಂಜಾನೆಯೇ ಬಟ್ಟೆ ತುಂಬಿಕೊಂಡು ತಾಂಡವಪುರದ ಸ್ನೇಹಿತನ ರೂಮಿಗೆ ಹೋಗಿದ್ದ. ಅವನನ್ನು ಬಿಟ್ಟರೆ ಗುಂಡಿಗಳೆಲ್ಲ ಎಲ್ಲೆಲ್ಲಿವೆ ಎಂದು ಗೊತ್ತಿದ್ದದ್ದು ಚಲುವಯ್ಯನಿಗೆ ಮಾತ್ರ. ಅವನು ಕೋಲು ಹಿಡಿದು ಬಂದ. ಮಗನ ಜೊತೆ ಮಾತಾಡದೆ, ಡ್ರೈವರ್‌ಗೇ ಹೇಳಿದ: "ವಸಿ ಎಡಕ್ಕೆ. ಆಂ, ಅಲ್ಲಿ."

ಬಕೆಟ್ ಮೇಲೆ ಬಂದಾಗ ಚೀಲಗಳು ಹರಿದು ನೇತಾಡುತ್ತಿದ್ದವು. ದಡದ ಮೇಲೆ ನಿಂತಿದ್ದ ಜನ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಮಾಸ್ಕ್ ಕಟ್ಟಿಕೊಂಡ ಸಿದ್ದು ಕೆಳಗೆ ಬಿದ್ದದ್ದನ್ನು ಸಲಿಕೆಯಿಂದ ಟ್ರ್ಯಾಕ್ಟರ್‌ಗೆ ತುಂಬಿದ. ಗುಂಡಿಯ ಗೋಡೆಯ ಮರಳು ಮೇಲಿನಿಂದ ಕೆಳಗಿನವರೆಗೆ ಸೀಸದ ಬಣ್ಣಕ್ಕೆ ತಿರುಗಿತ್ತು. ಚಲುವಯ್ಯ ಬಗ್ಗಿ ಒಂದು ಹಿಡಿ ತೆಗೆದುಕೊಂಡು, ಅಂಗೈಯಲ್ಲಿ ಉಜ್ಜಿ, ಮೂಗಿನ ಹತ್ತಿರ ತಂದ. ಆಮೇಲೆ ಕೈಯನ್ನು ಪಂಚೆಗೆ ಒರೆಸಿಕೊಂಡ. ಒರೆಸಿದಷ್ಟೂ ಹೋಗಲಿಲ್ಲ. ಉಳಿದ ಗುಂಡಿಗಳನ್ನು ಬರೀ ಕೋಲಿನಿಂದ ತೋರಿಸಿದ.

ಶೆಡ್ಡಿನ ಮೇಲೆ ನೋಟಿಸು ಬಂದ ಸಿಟ್ಟಿಗೆ ದೇವರಾಜು ಚಲುವಯ್ಯನನ್ನೂ ಮಹದೇವಮ್ಮನನ್ನೂ ಕೆಲಸಕ್ಕೆ ಬರಬೇಡಿ ಎಂದ. ಮಹದೇವಮ್ಮ ಹೊಲದ ಕೂಲಿಗೆ ಹೊರಟಳು. ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು. ಯಶೋಧರಾ ಕೊಡ ಇಟ್ಟ ಕಡೆ ಇತರರು ಕೊಡ ಇಡುತ್ತಿರಲಿಲ್ಲ. ಅವಳ ಸರದಿ ಬರುವಷ್ಟರಲ್ಲಿ ಟ್ಯಾಂಕರ್ ಖಾಲಿಯಾಗಿ ಪೈಪು ಗಾಳಿ ಉಗುಳುತ್ತಿತ್ತು. ಮನೆಯಲ್ಲಿ ಎರಡು ಪಂಕ್ತಿ ಆಯಿತು. ಚಲುವಯ್ಯನಿಗೆ ಜಗಲಿಯಲ್ಲಿ, ಉಳಿದವರಿಗೆ ಒಳಗೆ. ಧನುಶ್ರೀ ಹುಷಾರಾಗಿ ಬಂದು, ತಟ್ಟೆ ಹಿಡಿದು ಹೊಸ್ತಿಲ ಮೇಲೆ ಕೂರುವುದನ್ನು ಕಲಿತಳು.

"ಒಳಗೆ ಬಂದು ಕೂರೇ," ಅಮ್ಮ ಗದರಿದರೆ, "ತಾತ ಒಬ್ರೇ ಅವ್ರೆ" ಎನ್ನುತ್ತಿದ್ದಳು.

ಬಾವಿ ಖಾಲಿ ಮಾಡಿ, ಸುತ್ತಲಿನ ಮರಳು ತೆಗೆದು, ನೀರನ್ನು ಮತ್ತೆ ಮತ್ತೆ ಪರೀಕ್ಷೆಗೆ ಕಳಿಸಿ, ಕುಡಿಯಬಹುದು ಎಂಬ ಉತ್ತರ ಬರುವಷ್ಟರಲ್ಲಿ ಮುಂಗಾರಿನ ಮೋಡ ಕಾಣಿಸಿಕೊಂಡಿತ್ತು. ಹೊಸ ನೀರುಗಂಟಿಯಾಗಿ ಮಹಾದೇವಸ್ವಾಮಿಯ ಅಣ್ಣನ ಮಗ ನಂಜುಂಡೇಶನನ್ನು ಹಾಕಿದರು. ಮೊದಲ ದಿನವೇ ಅವನು ಮೇಲಿನ ಬೀದಿಗೆ ನೀರು ಬಿಟ್ಟ. ಪೈಪು ಗೊರಗೊರ ಸದ್ದು ಮಾಡಿ ಚರಂಡಿಯ ಹತ್ತಿರ ಜಾಯಿಂಟ್ ಕಿತ್ತುಕೊಂಡಿತು. ರಿಪೇರಿ ಮಾಡಿ ಮತ್ತೆ ಬಿಟ್ಟರೆ ಇನ್ನೊಂದು ಕಿತ್ತುಕೊಂಡಿತು.

ಮಾರನೆಯ ದಿನ ಬೆಳಿಗ್ಗೆ ಅವನು ಬಂದು ಸಿದ್ದುವಿನ ಮನೆಯ ಅಂಗಳದಾಚೆ ಬೈಕಿನ ಮೇಲೆಯೇ ಕೂತು ಹಾರ್ನ್ ಹೊಡೆದ.

"ಸಿದ್ದಣ್ಣ, ವಸಿ ಬಾ. ಏನು ಮಾಡಿದ್ರೂ ನಿಲ್ತಿಲ್ಲ."

"ಓಗ್ಬೇಡ ಅನ್ನು ಅವ್ನಿಗೆ," ಚಲುವಯ್ಯ ಜಗಲಿಯಿಂದ ಹೆಂಡತಿಗೆ ಹೇಳಿದ. "ಕೆಲ್ಸ ಕಿತ್ಕಂಡೋರು ಕೆಲ್ಸಾನೂ ಕಲ್ತ್ಕಳ್ಳಿ."

"ಅಪ್ಪ, ನಮ್ಮ ಮನೆ ನಲ್ಲೀಲೂ ನೀರಿಲ್ಲ," ಸಿದ್ದು ಚಪ್ಪಲಿ ಮೆಟ್ಟಿಕೊಂಡ. ಸಭೆಯ ದಿನದಿಂದ ಅಪ್ಪನಿಗೆ ಅವನು ನೇರವಾಗಿ ಹೇಳಿದ ಮೊದಲ ಮಾತು ಅದು.

ವಾಲ್ವುಗಳ ಹತ್ತಿರ ನಂಜುಂಡೇಶ ಕೈಯಲ್ಲಿ ರಾಡು ಹಿಡಿದು ನಿಂತ. ಸಿದ್ದು ಕೆಳಗಿನ ಬೀದಿಯ ಕಡೆಯದನ್ನು ತೋರಿಸಿದ.

"ಇದನ್ನ ಮೊದ್ಲು ಬಿಡು. ತಗ್ಗಿನ ಲೈನು ತುಂಬಬೇಕು. ಅದು ತುಂಬದೆ ಮೇಲಿನ ಬೀದಿಗೆ ಬಿಟ್ರೆ ಗಾಳಿ ಸಿಕ್ಕಿ ಜಾಯಿಂಟ್ ಒಡೀತದೆ."

"ನೀನು ಅಂಗೆ ಬಿಡ್ತಿರ್ಲಿಲ್ವಲ್ಲ? ನಮ್ಮ ಮನೆಗೇ ಮೊದ್ಲು ಬರ್ತಿತ್ತು."

"ನಾನು ಒಂದೊಂದು ವಾಲ್ವಲ್ಲೂ ನಿಂತು ಕೈಯಲ್ಲಿ ಗಾಳಿ ಬಿಡಿಸ್ತಿದ್ದೆ. ಅರ್ಧ ದಿನ ಹೋಗ್ತಿತ್ತು. ನಿನ್ನ ಕೈಲಾಗಲ್ಲ ಅದು."

"ಮೇಲಿನ ಬೀದಿಯೋರು ಬಯ್ಯಲ್ವಾ?"

"ನಿನ್ನ ಯಾಕೆ ಬಯ್ತಾರೆ?" ಎಂದ ಸಿದ್ದು.

ನಂಜುಂಡೇಶ ರಾಡು ತೂರಿಸಿ ತಿರುಗಿಸಿದ.

ಮಧ್ಯಾಹ್ನ ನಲ್ಲಿಯ ನೀರಲ್ಲಿ ಅನ್ನ ಬೇಯುತ್ತಿತ್ತು. ಯಶೋಧರಾ ಕೊಡ ತುಂಬುವ ಮೊದಲು ಎರಡು ಸಲ ಮೂಸಿ ನೋಡಿದ್ದಳು, ಮಹದೇವಮ್ಮ ಅವಳ ಕೈಯಿಂದ ಚೊಂಬು ಕಿತ್ತುಕೊಂಡು ತಾನೂ ಮೂಸಿದ್ದಳು. ಹೊರಗೆ ಮಳೆ ಹನಿಯತೊಡಗಿ ಜಗಲಿ ತೋಯುತ್ತಿತ್ತು. ಚಲುವಯ್ಯ ತಟ್ಟೆ ಎತ್ತಿಕೊಂಡು ಒಳಗೆ ಬಂದು ಗೋಡೆಯ ಪಕ್ಕ ನಿಂತ.

"ಇವತ್ತು ನಮ್ಮ ಬೀದಿಗೆ ಮೊದ್ಲು ಬುಟ್ನಂತಲ್ಲ ಅವ್ನು," ಎಂದ, ಯಾರನ್ನೂ ನೋಡದೆ.

"ಪೈಪಿಗೆ ಅಂಗೇ ಬಿಡ್ಬೇಕು," ಸಿದ್ದು ಹೇಳಿದ.

"ಅಂಗಾದ್ರೆ ಇಷ್ಟು ವರ್ಸ ನೀನ್ಯಾಕೆ ಬುಡ್ನಿಲ್ಲ?"

ಸಿದ್ದು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದ. "ನಾನು ಅಂಗೆ ಬಿಟ್ಟಿದ್ರೆ ಮೇಲಿನ ಬೀದಿಯೋರು ನನ್ನ ಬಿಡೋರಾ ಅಪ್ಪ?"

ಚಲುವಯ್ಯ ತಟ್ಟೆ ಕೆಳಗಿಟ್ಟು, ಮಗನಿಗೆ ಬೆನ್ನು ಮಾಡಿ ಕೂತು, ಸೊಸೆ ಬಡಿಸಿದ್ದನ್ನು ಉಂಡ.